ಸಾಲವು ಕೈಮೀರಿದಾಗ: ದಿವಾಳಿಯೋ, ರಾಜಿಯೋ?

(ಒಂದು ಉಪನ್ಯಾಸ)



ಈ ದಿನ ತಮ್ಮೆದುರು ನಾನು ವಿವೇಚಿಸಬೇಕೆಂದಿರುವ ವಿಷಯವು ನಮ್ಮ ಸಭೆಗಳಲ್ಲಿ ಅಪರೂಪವಾಗಿ ಬರತಕ್ಕದ್ದು. ಸಾಹಿತ್ಯವನ್ನು ಕುರಿತು, ಧರ್ಮವನ್ನು ಕುರಿತು, ರಾಜಕಾರಣವನ್ನು ಕುರಿತು ನಾವು ನಾಲ್ಕು ಜನರೆದುರು ಧಾರಾಳವಾಗಿ ಮಾತನಾಡುತ್ತೇವೆ. ಸಾಲದ ಮಾತನ್ನು ಮಾತ್ರ ಬಾಗಿಲು ಮುಚ್ಚಿಕೊಂಡು, ದನಿ ತಗ್ಗಿಸಿ ಆಡುತ್ತೇವೆ. ಎಷ್ಟೋ ಮನೆಗಳಲ್ಲಿ ಯಜಮಾನನ ಸಾಲವೆಷ್ಟೆಂಬದು ಮನೆಯಾಕೆಗೂ ತಿಳಿಯದು. ಈ ಗುಟ್ಟೇ ಸಾಲಗಾರನ ಮೊದಲನೆಯ ಶತ್ರು. ರೋಗವನ್ನು ಬಚ್ಚಿಟ್ಟವನು ವೈದ್ಯನ ಬಾಗಿಲಿಗೆ ಬರುವ ಹೊತ್ತಿಗೆ ರೋಗವು ಹೇಗೆ ಬಲಿತಿರುವದೋ, ಹಾಗೆಯೇ ಸಾಲವನ್ನು ಬಚ್ಚಿಟ್ಟವನು ಬಾಯಿ ತೆರೆಯುವ ಹೊತ್ತಿಗೆ ಬಡ್ಡಿಯು ಅಸಲನ್ನು ನುಂಗಿರುತ್ತದೆ. ಇಂಥ ಸಂಕಟದಲ್ಲಿ ಪ್ರಾಣವನ್ನೇ ಕಳೆದುಕೊಂಡವರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಆದಕಾರಣ ಈ ವಿಷಯವನ್ನು ಬಹಿರಂಗವಾಗಿ, ನಾಚಿಕೆಯಿಲ್ಲದೆ, ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ಚರ್ಚಿಸುವದು ಅವಶ್ಯವಾಗಿದೆ.

ಸಾಲವು ದುಡಿಮೆಯನ್ನು ಮೀರಿ ಬೆಳೆದಾಗ ಮನುಷ್ಯನ ಮುಂದೆ ಎರಡು ದಾರಿಗಳಿವೆ. ನ್ಯಾಯಾಲಯದ ಮೊರೆಹೊಕ್ಕು, ಇದ್ದುದನ್ನೆಲ್ಲ ಒಪ್ಪಿಸಿ, ದಿವಾಳಿಯೆಂದು ಸಾರಿಸಿಕೊಂಡು ಋಣಮುಕ್ತನಾಗುವದು ಒಂದು. ಸಾಲ ಕೊಟ್ಟವರೊಡನೆ ಕುಳಿತು, ಇಷ್ಟು ಕೊಡುತ್ತೇನೆ, ಉಳಿದುದನ್ನು ಬಿಡಿರಿ ಎಂದು ರಾಜಿ ಮಾಡಿಕೊಳ್ಳುವದು ಇನ್ನೊಂದು. ಹೊಸ ಸಾಲ ತಂದು ಹಳೆಯ ಸಾಲವನ್ನು ಮುಚ್ಚುವದನ್ನೂ ಒಂದು ದಾರಿಯೆಂದು ಜನರು ತಿಳಿಯುತ್ತಾರೆ. ಅದು ದಾರಿಯಲ್ಲ, ಸುಳಿ. ಮೊದಲಿನ ಎರಡರಲ್ಲಿ ಯಾವದು ಮೇಲು ಎಂಬ ಪ್ರಶ್ನೆ ಬಂದಾಗ ನಮ್ಮವರು ಕೂಡಲೇ ಕೇಳುವದು, "ಯಾವದರಲ್ಲಿ ಮಾನ ಉಳಿದೀತು?" ಎಂದು. ಈ ಪ್ರಶ್ನೆಯೇ ದಾರಿ ತಪ್ಪಿಸುವಂಥದು. "ಯಾವದರಿಂದ ದುಡಿಯುವ ಕೈ ಉಳಿದೀತು?" ಎಂದು ಕೇಳಬೇಕು. ದುಡಿಯುವ ಕೈ ಉಳಿದರೆ ಮಾನವು ಹಿಂದಿನಿಂದ ತಾನಾಗಿ ಬರುವದು. ಕೈ ಹೋದ ಮೇಲೆ ಉಳಿದ ಮಾನದಿಂದ ಮಕ್ಕಳ ಹೊಟ್ಟೆ ತುಂಬದು. ನಾನು ಹೇಳಬೇಕಾದುದೆಲ್ಲವೂ ಈ ಒಂದು ಮಾತಿನ ವಿಸ್ತಾರವೇ ಆಗಿದೆ.

ಮೊದಲು ದಿವಾಳಿಯ ವಿಚಾರವನ್ನು ನೋಡೋಣ. ದಿವಾಳಿ ಎಂಬ ಶಬ್ದಕ್ಕೆ ಪೇಟೆಯಲ್ಲಿ ಒಂದು ಕಥೆಯನ್ನು ಹೇಳುವ ವಾಡಿಕೆಯಿದೆ. ವ್ಯಾಪಾರ ಮುರಿದ ಸಾಹುಕಾರನು ಹಾಡುಹಗಲಿನಲ್ಲಿ ಅಂಗಡಿಯ ಮುಂದೆ ದೀಪ ಹಚ್ಚಿಟ್ಟು, ತನ್ನಲ್ಲಿ ಏನೂ ಉಳಿದಿಲ್ಲವೆಂದು ಊರಿಗೆ ಸಾರುತ್ತಿದ್ದನಂತೆ. ಕಥೆ ಹೇಗೇ ಇರಲಿ, ಅದರಲ್ಲಿ ಒಂದು ಸತ್ಯವಿದೆ: ದಿವಾಳಿಯೆಂಬದು ಬೆಳಕಿನಲ್ಲಿ ಮಾಡತಕ್ಕ ಕೆಲಸ. ರಾತ್ರೋರಾತ್ರಿ ಊರುಬಿಡುವವನು ದಿವಾಳಿಯಲ್ಲ, ಪರಾರಿ. ಜನರಾದರೋ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, "ಪಾಪರ್ ಚೀಟಿ ತೆಗೆದುಕೊಂಡ" ಎಂದು ಹೀಯಾಳಿಸುತ್ತಾರೆ. ಕಾಯದೆಯ ಕಣ್ಣಿನಲ್ಲಿ ಇವೆರಡಕ್ಕೂ ನೆಲ ಮುಗಿಲಿನ ಅಂತರ.

ನಮ್ಮ ಜಿಲ್ಲೆಗಳಲ್ಲಿ ಸಾಮಾನ್ಯ ಗೃಹಸ್ಥನ ದಿವಾಳಿಗೆ ಅನ್ವಯಿಸುವದು 1920ರ ಪ್ರಾಂತೀಯ ಇನ್ಸಾಲ್ವೆನ್ಸಿ ಕಾಯದೆ. 2016ರಲ್ಲಿ ಸಂಸತ್ತು ಹೊಸ ದಿವಾಳಿ ಸಂಹಿತೆಯನ್ನು ಮಾಡಿತು. ಆದರೆ ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು 2019ರ ಡಿಸೆಂಬರ್ 1ರಿಂದ ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ ಜಾರಿಗೆ ಬಂತು. ಸ್ವಂತ ಮನೆಯಿಲ್ಲದ, ವರ್ಷಕ್ಕೆ 60,000 ರೂಪಾಯಿಗಿಂತ ಹೆಚ್ಚು ವರಮಾನವಿಲ್ಲದ, 20,000 ರೂಪಾಯಿಗಿಂತ ಹೆಚ್ಚು ಆಸ್ತಿಯಿಲ್ಲದ, 35,000 ರೂಪಾಯಿಗಿಂತ ಹೆಚ್ಚು ಸಾಲವಿಲ್ಲದ ಬಡವನು ಸುಲಭವಾಗಿ ಋಣಮುಕ್ತನಾಗುವ ಒಂದು ಏರ್ಪಾಡೂ ಆ ಸಂಹಿತೆಯಲ್ಲಿ ಬರೆದಿದೆ. ಬರೆದುದು ಕಾಗದದ ಮೇಲೆಯೇ ಉಳಿದಿದೆ. ಹೀಗಾಗಿ ನೂರು ವರುಷ ದಾಟಿದ ಹಳೆಯ ಕಾಯದೆಯೇ ನಮಗೆ ಗತಿ.

ಆ ಕಾಯದೆಯ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸಾಲ ತೀರಿಸಲು ಅಸಮರ್ಥನಾದವನು, ತನ್ನ ಸಾಲವು 500 ರೂಪಾಯಿ ಇದ್ದರೆ, ಇಲ್ಲವೆ ಸಾಲದ ಡಿಕ್ರಿಗಾಗಿ ತಾನು ಬಂಧನದಲ್ಲಿದ್ದರೆ, ಇಲ್ಲವೆ ತನ್ನ ಆಸ್ತಿಗೆ ಜಪ್ತಿಯ ಹುಕುಮು ಆಗಿದ್ದರೆ, ತಾನಾಗಿ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು. ಸಾಲ ಕೊಟ್ಟವರೂ ತಕ್ಕ ಕಾರಣಗಳನ್ನು ತೋರಿಸಿ ಅವನ ಮೇಲೆ ಅರ್ಜಿ ಹಾಕಬಹುದು. ನ್ಯಾಯಾಲಯವು ಅವನನ್ನು ದಿವಾಳಿಯೆಂದು ಸಾರಿದ ಕೂಡಲೇ ಅವನ ಆಸ್ತಿಯೆಲ್ಲ ನ್ಯಾಯಾಲಯಕ್ಕೆ ಇಲ್ಲವೆ ಅದು ನೇಮಿಸಿದ ರಿಸೀವರನಿಗೆ ಸೇರುವದು. ಅಲ್ಲಿಂದ ಮುಂದೆ ಸಾಲ ಕೊಟ್ಟವರು ನ್ಯಾಯಾಲಯದ ಅಪ್ಪಣೆಯಿಲ್ಲದೆ ಅವನ ಮೇಲೆ ಪ್ರತ್ಯೇಕವಾಗಿ ದಾವೆ ಹೂಡಲಾರರು. ಬಂಧನದಿಂದ ರಕ್ಷಣೆಯನ್ನೂ ಅವನು ಬೇಡಬಹುದು. ರಿಸೀವರನು ಆಸ್ತಿಯನ್ನು ಮಾರಿ, ಬಂದ ಹಣವನ್ನು ಕಾಯದೆಯ ಕ್ರಮದಂತೆ ಹಂಚುತ್ತಾನೆ. ಕೊನೆಗೆ, ನ್ಯಾಯಾಲಯವು ಗೊತ್ತುಮಾಡಿದ ಅವಧಿಯೊಳಗೆ ದಿವಾಳಿಯಾದವನು ಋಣಮುಕ್ತಿಯ ಆಜ್ಞೆಯನ್ನು ಬೇಡಬೇಕು. ಈ ಕೊನೆಯ ಹೆಜ್ಜೆಯನ್ನು ಮರೆತು ಸುಮ್ಮನೆ ಕುಳಿತವನ ಮೊದಲಿನ ಆಜ್ಞೆಯೇ ರದ್ದಾಗಬಹುದು. ಆಗ ಅವನ ಶ್ರಮವೆಲ್ಲ ನೀರುಪಾಲು.

ಈ ದಾರಿಯ ಲಾಭವು ದೊಡ್ಡದು: ಹತ್ತು ಬಾಗಿಲುಗಳ ಕಾಟವು ಒಂದೇ ಬಾಗಿಲಿಗೆ ಬಂದು ನಿಲ್ಲುವದು. ಆದರೆ ಇದರ ಬೆಲೆಯನ್ನೂ ತಿಳಿದುಕೊಂಡೇ ಕಾಲಿಡಬೇಕು. ಒಂದನೆಯದು, ಋಣಮುಕ್ತಿಯ ಆಜ್ಞೆ ಬರುವವರೆಗೆ ಅವನಿಗೆ ಹೊಸದಾಗಿ ಬಂದ ಆಸ್ತಿಯೂ ರಿಸೀವರನಿಗೇ ಸೇರುವದು. ಎರಡನೆಯದು, ಆಸ್ತಿಯಿಂದ ರೂಪಾಯಿಗೆ ಎಂಟಾಣೆಯಷ್ಟೂ ಹುಟ್ಟದಿದ್ದರೆ, ಅದು ತನ್ನ ತಪ್ಪಿನಿಂದಲ್ಲವೆಂದು ತೋರಿಸದ ಹೊರತು ಪೂರ್ಣ ಋಣಮುಕ್ತಿ ಸಿಕ್ಕದು. ಲೆಕ್ಕದ ಪುಸ್ತಕಗಳನ್ನು ಇಡದಿದ್ದವನಿಗೂ, ತೀರಿಸಲಾರೆನೆಂದು ತಿಳಿದ ಮೇಲೆಯೂ ವ್ಯಾಪಾರ ನಡೆಸಿದವನಿಗೂ, ಜೂಜು ದುಂದುಗಾರಿಕೆಗಳಿಂದ ಕೆಟ್ಟವನಿಗೂ ಅದೇ ಅಡ್ಡಿ. ಮೂರನೆಯದು, ಋಣಮುಕ್ತನಾಗದ ದಿವಾಳಿಯು ತನ್ನ ಸ್ಥಿತಿಯನ್ನು ತಿಳಿಸದೆ 50 ರೂಪಾಯಿ ಇಲ್ಲವೆ ಹೆಚ್ಚು ಸಾಲ ತಂದರೆ ಆರು ತಿಂಗಳವರೆಗೆ ಸೆರೆಮನೆಯ ಶಿಕ್ಷೆಯಿದೆ. ನಾಲ್ಕನೆಯದು, ಅಂಥವನು ಸ್ಥಳಿಕ ಸಂಸ್ಥೆಗಳಿಗೆ ಚುನಾಯಿತನಾಗಲಾರನು. ಸಂವಿಧಾನದ 102 ಮತ್ತು 191ನೆಯ ವಿಧಿಗಳಂತೆ ಸಂಸತ್ತಿನಲ್ಲಿಯೂ ವಿಧಾನಮಂಡಲದಲ್ಲಿಯೂ ಕೂಡಲಾರನು. ಐದನೆಯದು, ಅಡವಿಟ್ಟ ಆಸ್ತಿಯನ್ನು ದಿವಾಳಿಯು ಉಳಿಸಲಾರದು. ಮನೆಯನ್ನು ಅಡವು ಹಿಡಿದ ಬ್ಯಾಂಕು ತನ್ನ ಹಕ್ಕನ್ನು ಚಲಾಯಿಸಿಯೇ ತೀರುವದು. ಆರನೆಯದು, ಸರಕಾರದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಇವು ಋಣಮುಕ್ತಿಯಿಂದಲೂ ಕರಗುವದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮುಳುಗುವ ಹೊತ್ತಿಗೆ ಮನೆಯನ್ನು ಭಾವಮೈದುನನ ಹೆಸರಿಗೆ ಬರೆದುಕೊಡುವದು, ಬೇಕಾದವರೊಬ್ಬರ ಸಾಲವನ್ನು ಮಾತ್ರ ಗುಟ್ಟಾಗಿ ತೀರಿಸುವದು, ಇವನ್ನು ನಮ್ಮ ಜನರು ಜಾಣತನವೆಂದು ಬಗೆಯುತ್ತಾರೆ. ಕಾಯದೆಯು ಇದನ್ನು ಮೊದಲೇ ಕಂಡಿದೆ. ವರ್ಗಾವಣೆಯಾದ ಎರಡು ವರ್ಷಗಳೊಳಗೆ ದಿವಾಳಿಯ ಅರ್ಜಿ ಬಿದ್ದು ಆಜ್ಞೆಯಾದರೆ, ಬೆಲೆಯಿಲ್ಲದೆ ಮಾಡಿದ ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಅರ್ಜಿಗೆ ಮೂರು ತಿಂಗಳೊಳಗೆ ಒಬ್ಬ ಸಾಲಿಗನಿಗೆ ಉಳಿದವರಿಗಿಂತ ಹೆಚ್ಚು ಅನುಕೂಲ ಮಾಡಿಕೊಡುವ ಉದ್ದೇಶದಿಂದ ಕೊಟ್ಟ ಹಣವೂ ಹಾಗೆಯೇ. ಈ ಜಾಣತನದಿಂದ ಆಸ್ತಿಯೂ ಉಳಿಯದು, ಋಣಮುಕ್ತಿಯೂ ದೊರೆಯದು. ಪ್ರಾಮಾಣಿಕನೆಂಬ ಹೆಸರೂ ಹೋಗುವದು.

ಈಗ ರಾಜಿಯ ವಿಚಾರ. ಬಡ್ಡಿಯನ್ನು ಬಿಡಿರೆಂದು ಕೇಳುವದನ್ನೇ ಭಿಕ್ಷೆಯೆಂದು ಅನೇಕರು ಸಂಕೋಚಪಡುತ್ತಾರೆ. ಆದರೆ ಬಡ್ಡಿಗೆ ಒಂದು ಎಲ್ಲೆಯಿರಬೇಕೆಂಬದು ನಮ್ಮ ನೆಲದ ಹಳೆಯ ನ್ಯಾಯವೇ ಆಗಿದೆ. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿಯು ಅಸಲನ್ನು ಮೀರಬಾರದೆಂಬ 'ದಾಮದುಪ್ಪಟ್ಟು' ನಿಯಮವು ಹಿಂದೂ ಧರ್ಮಶಾಸ್ತ್ರದಿಂದ ಬಂದುದು. ಅದನ್ನು ಮುಂಬಯಿ ಇಲಾಖೆಯ ನ್ಯಾಯಾಲಯಗಳು ಮನ್ನಿಸುತ್ತಿದ್ದವು, ಮದ್ರಾಸು ಇಲಾಖೆಯ ನ್ಯಾಯಾಲಯಗಳು ಮನ್ನಿಸುತ್ತಿರಲಿಲ್ಲ. ತುಂಗಭದ್ರೆಯ ಈಚೆಯ ದಂಡೆಯಲ್ಲಿ ಮುಂಡರಗಿಯ ಸಾಲಗಾರನಿಗೆ ಇದ್ದ ಆಶ್ರಯವು ಆಚೆಯ ದಂಡೆಯ ಹಡಗಲಿಯ ಸಾಲಗಾರನಿಗೆ ಇರಲಿಲ್ಲ. ಒಂದೇ ನುಡಿ, ಒಂದೇ ಮಳೆ, ಒಂದೇ ಬೆಳೆ, ಆದರೆ ಸಾಲದ ನ್ಯಾಯ ಮಾತ್ರ ಎರಡು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದುದರ ಬೆಲೆಯನ್ನು ತಿಳಿಯಬೇಕೆಂದರೆ ಇಂಥ ಸಣ್ಣ ಸಂಗತಿಗಳನ್ನೂ ನೆನೆಯಬೇಕು. ಹಳೆಯ ನಿಯಮದ ತಿರುಳು ಇಷ್ಟೇ: ಸಾಲ ಕೊಟ್ಟವನಿಗೆ ತನ್ನ ಹಣದ ಮೇಲೆ ಹಕ್ಕುಂಟು, ಸಾಲಗಾರನ ಇಡೀ ಆಯುಷ್ಯದ ಮೇಲೆ ಇಲ್ಲ.

ರಾಜಿಯ ದಾರಿಯಲ್ಲಿ ಇಂದು ಮೂರು ಬಾಗಿಲುಗಳಿವೆ. ಬ್ಯಾಂಕಿಗೇ ನೇರವಾಗಿ ಹೋಗಿ ಒಂದಾವರ್ತಿ ತೀರುವಳಿಯನ್ನು ಕೇಳುವದು ಮೊದಲನೆಯದು. ಇಂಥ ರಾಜಿಗೆ ಪ್ರತಿಯೊಂದು ಬ್ಯಾಂಕೂ ತನ್ನ ಆಡಳಿತ ಮಂಡಲಿ ಒಪ್ಪಿದ ಧೋರಣೆಯನ್ನು ಇಟ್ಟುಕೊಂಡಿರಬೇಕೆಂದು 2023ರ ಜೂನ್ ತಿಂಗಳಲ್ಲಿ ರಿಜರ್ವ್ ಬ್ಯಾಂಕು ವಿಧಿಸಿತು. ಎರಡನೆಯದು ಲೋಕ ಅದಾಲತ್ತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯದೆಯಂತೆ ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಅದರ ಮೇಲೆ ಅಪೀಲಿಲ್ಲ. ಮೂರನೆಯದನ್ನು ಬಹಳ ಜನ ಅರಿಯರು. ದಿವಾಳಿಯ ಕಾಯದೆಯೊಳಗೇ ರಾಜಿಗೆ ಎಡೆಯಿದೆ. ದಿವಾಳಿಯೆಂದು ಸಾರಿದ ಮೇಲೂ ಸಾಲಗಾರನು ಒಂದು ಯೋಜನೆಯನ್ನು ಮುಂದಿಡಬಹುದು. ಸಾಲವನ್ನು ರುಜುವಾತುಪಡಿಸಿ ಸಭೆಗೆ ಬಂದ ಸಾಲಿಗರಲ್ಲಿ ಎಣಿಕೆಯಿಂದ ಅರ್ಧಕ್ಕಿಂತ ಹೆಚ್ಚು, ಮೊತ್ತದಿಂದ ಮುಕ್ಕಾಲು ಪಾಲಿನವರು ಒಪ್ಪಿ ನ್ಯಾಯಾಲಯವೂ ಸಮ್ಮತಿಸಿದರೆ, ಅದು ಒಪ್ಪದವರನ್ನೂ ಕಟ್ಟುವದು. ಆದುದರಿಂದ ಈ ಎರಡು ದಾರಿಗಳು ಒಂದಕ್ಕೊಂದು ಬದ್ಧವೈರಿಗಳಲ್ಲ. ಮಾತಿಗೆ ಬಗ್ಗದ ಒಬ್ಬ ಸಾಲಿಗನಿಂದ ಒಂಬತ್ತು ಜನರ ರಾಜಿ ಮುರಿಯುತ್ತಿರುವಾಗ ನ್ಯಾಯಾಲಯದ ದಾರಿಯೇ ರಾಜಿಗೆ ಸೇತುವೆಯಾಗಬಹುದು.

ರಾಜಿಗೂ ಬೆಲೆಯುಂಟು. ಒಂದು ಕಂತು ತಪ್ಪಿದರೆ ಬಿಟ್ಟುಕೊಟ್ಟ ಬಾಕಿಯೆಲ್ಲ ಮತ್ತೆ ತಲೆಯೆತ್ತುವಂತೆ ಕರಾರು ಬರೆದಿರುವದುಂಟು. ಕಡಿಮೆ ಹಣಕ್ಕೆ ತೀರಿದ ಸಾಲವು ಸಾಲಚರಿತ್ರೆಯ ಸಂಸ್ಥೆಗಳ, ಅಂದರೆ ಜನರು ಸಿಬಿಲ್ ಎಂದು ಕರೆಯುವ ದಾಖಲೆಯಲ್ಲಿ, 'ಪೂರ್ಣ ಪಾವತಿ' ಎಂದು ಕಾಣದೆ 'ಸೆಟಲ್' ಎಂದು ಕಾಣುವದು. ಮುಂದೆ ಸಾಲ ಕೊಡುವವರು ಅದನ್ನು ನೋಡುತ್ತಾರೆ. ಮೇಲೆ ಹೇಳಿದ 2023ರ ನಿಯಮದಂತೆ, ಬೇಸಾಯದ್ದಲ್ಲದ ಸಾಲದಲ್ಲಿ ರಾಜಿಯಾದವನಿಗೆ ಅದೇ ಸಂಸ್ಥೆಯು ಕನಿಷ್ಠ 12 ತಿಂಗಳು ಹೊಸ ಸಾಲ ಕೊಡಲಾಗದು. ಮುಳುಗಿ ಎದ್ದವನಿಗೆ ಒಂದು ವರುಷ ಹೊಸ ಸಾಲ ಸಿಕ್ಕದಿರುವದನ್ನು ಶಿಕ್ಷೆಯೆನ್ನುವದಕ್ಕಿಂತ ಪಥ್ಯವೆನ್ನುವದೇ ಲೇಸು.

ರಾಜಿಯನ್ನು ಬಾಯಿಮಾತಿನಲ್ಲಿ ಮುಗಿಸಬಾರದು. ಒಟ್ಟು ಮೊತ್ತ, ಕಂತುಗಳು, ತಾರೀಖುಗಳು, "ಇಷ್ಟು ಸಂದ ಮೇಲೆ ಸಾಲ ಪೂರ್ಣವಾಗಿ ತೀರಿತು" ಎಂಬ ಮಾತು ಇವೆಲ್ಲ ಬರಹದಲ್ಲಿ ಬಂದ ಮೇಲೆಯೇ ಮೊದಲನೆಯ ರೂಪಾಯಿಯನ್ನು ಕಟ್ಟಬೇಕು. ಹಣ ಕಟ್ಟಿದ ಮೇಲೆ ಬಾಕಿಯಿಲ್ಲವೆಂಬ ಪತ್ರವನ್ನೂ, ಬರೆದುಕೊಟ್ಟ ನೋಟುಗಳನ್ನೂ, ಖಾಲಿ ಚೆಕ್ಕುಗಳನ್ನೂ ಮರಳಿ ಪಡೆಯಬೇಕು. ಆಸ್ತಿಯ ಮೂಲ ಕಾಗದಪತ್ರಗಳನ್ನು ಸಾಲ ತೀರಿದ ಇಲ್ಲವೆ ರಾಜಿಯಾದ 30 ದಿನಗಳೊಳಗೆ ಮರಳಿಸಬೇಕೆಂದೂ, ತನ್ನ ತಪ್ಪಿನಿಂದ ತಡಮಾಡಿದ ಸಂಸ್ಥೆಯು ದಿನಕ್ಕೆ 5,000 ರೂಪಾಯಿ ಕೊಡಬೇಕೆಂದೂ ರಿಜರ್ವ್ ಬ್ಯಾಂಕು 2023ರ ಸೆಪ್ಟೆಂಬರದಲ್ಲಿ ಆಜ್ಞೆ ಮಾಡಿತು. "ನಿಮ್ಮ ಸಾಲವನ್ನು ಕಾಲು ಪಾಲಿಗೆ ಇಳಿಸುತ್ತೇವೆ, ಮೊದಲು ನಮ್ಮ ಫೀ ಕೊಡಿರಿ" ಎಂದು ಬರುವ ದಲ್ಲಾಳಿಗಳಿಂದ ದೂರವಿರಬೇಕು. ಬ್ಯಾಂಕಿನ ಬಾಗಿಲು ಸಾಲಗಾರನಿಗೆ ತೆರೆದೇ ಇದೆ; ಅದನ್ನು ತೋರಿಸಲು ಕೂಲಿ ಕೊಡಬೇಕಾಗಿಲ್ಲ.

ಪಾಶ್ಚಾತ್ಯ ಸಾಹಿತ್ಯವನ್ನು ಬಲ್ಲ ಉಪಾಧ್ಯಾಯರು ಇಲ್ಲಿ ಸರ್ ವಾಲ್ಟರ್ ಸ್ಕಾಟನನ್ನು ನೆನೆಯದೆ ಇರಲಾರರು. 1826ರ ಜನವರಿಯಲ್ಲಿ ಅವನ ಪ್ರಕಾಶಕರೂ, ಅವನೇ ಗುಟ್ಟಾಗಿ ಪಾಲುದಾರನಾಗಿದ್ದ ಮುದ್ರಣಾಲಯವೂ ಒಟ್ಟಿಗೆ ಮುರಿದುಬಿದ್ದವು. ಸುಮಾರು 1,20,000 ಪೌಂಡುಗಳ ಸಾಲವು 54 ವರ್ಷದ ಆ ಗ್ರಂಥಕರ್ತನ ತಲೆಯ ಮೇಲೆ ಬಂತು. ದಿವಾಳಿಯಾಗಿ ಹಗುರಾಗಬಹುದಾಗಿತ್ತು, ಆತನು ಒಪ್ಪಲಿಲ್ಲ. ಆಸ್ತಿಯನ್ನು ಧರ್ಮದರ್ಶಿಗಳ ಕೈಗೊಪ್ಪಿಸಿ, ಬರೆದು ತೀರಿಸುತ್ತೇನೆಂದು ಸಾಲಿಗರೊಡನೆ ಒಪ್ಪಂದ ಮಾಡಿಕೊಂಡನು. ನೆಪೋಲಿಯನ್ನನ ಚರಿತ್ರೆಯ ಒಂಬತ್ತು ಸಂಪುಟಗಳು 1827ರಲ್ಲಿ ಹೊರಬಂದವು. ಕಾದಂಬರಿಗಳು ಒಂದರ ಬೆನ್ನಿಗೊಂದು ಬಂದವು. ಅವನ ನಡತೆಗೆ ಮೆಚ್ಚಿದ ಸಾಲಿಗರು 1830ರಲ್ಲಿ ಅವನ ಗ್ರಂಥಭಂಡಾರವನ್ನೂ ಮನೆಯ ಸಾಮಾನುಗಳನ್ನೂ ಅವನಿಗೇ ಕಾಣಿಕೆಯಾಗಿ ಕೊಟ್ಟರು. ಆದರೆ 1832ರಲ್ಲಿ ದೇಹ ಜರ್ಜರಿತವಾಗಿ ಆತನು ತೀರಿಕೊಂಡನು. ಉಳಿದ ಸಾಲವು ಅವನ ಜೀವವಿಮೆಯಿಂದಲೂ ಗ್ರಂಥಗಳ ಹಕ್ಕಿನಿಂದಲೂ ಮರಣಾನಂತರ ತೀರಿತು.

ಅಮೇರಿಕೆಯ ಮಾರ್ಕ್ ಟ್ವೈನನ ಕಥೆ ಕೊಂಚ ಬೇರೆ. 1894ರಲ್ಲಿ ಅವನ ಪ್ರಕಾಶನ ಸಂಸ್ಥೆ ಮುರಿಯಿತು. ಆತನು ಸಂಸ್ಥೆಯ ಆಸ್ತಿಯನ್ನು ಸಾಲಿಗರಿಗೆ ಒಪ್ಪಿಸಿದನು. ವ್ಯವಹಾರಕುಶಲನಾದ ಹೆನ್ರಿ ರೋಜರ್ಸ್ ಎಂಬ ಮಿತ್ರನು ಗ್ರಂಥಗಳ ಹಕ್ಕುಗಳನ್ನು ಟ್ವೈನನ ಹೆಂಡತಿಯ ಹೆಸರಿನಲ್ಲಿ ಉಳಿಸಿಕೊಟ್ಟನು. ಆಮೇಲೆ 1895ರಿಂದ ಟ್ವೈನನು ಊರೂರು ಸುತ್ತಿ ಉಪನ್ಯಾಸ ಮಾಡಿದನು. 1896ರಲ್ಲಿ ನಮ್ಮ ಭಾರತಕ್ಕೂ ಬಂದಿದ್ದನು. 1898ರ ಹೊತ್ತಿಗೆ ಸಾಲವನ್ನೆಲ್ಲ ಪೂರ್ತಿಯಾಗಿ ತೀರಿಸಿದನು.

ಈ ಕಥೆಗಳನ್ನು ಹೇಳಿ, ಆದುದರಿಂದ ಯಾರೂ ದಿವಾಳಿಯಾಗಬಾರದೆಂದು ಉಪದೇಶಿಸುವದು ಸುಲಭ. ನಾನು ಅದನ್ನು ಒಪ್ಪೆನು. ಸ್ಕಾಟನಿಗೆ ಲೇಖನಿಯಿತ್ತು, ಅದನ್ನು ಕೊಳ್ಳುವ ಜಗತ್ತಿತ್ತು. ಟ್ವೈನನಿಗೆ ನಾಲಗೆಯಿತ್ತು, ಕೇಳುವ ಸಭೆಗಳಿದ್ದವು. ಇಬ್ಬರ ಸಾಲಿಗರೂ ಆ ದುಡಿಮೆಯ ಸಾಧನವನ್ನು ಕಸಿದುಕೊಳ್ಳಲಿಲ್ಲ. ಮೂರು ಸಾವಿರ ರೂಪಾಯಿ ಮಿಗಿಸಲಾರದ ಅಂಗಡಿಕಾರನಿಗೆ ಸ್ಕಾಟನ ವ್ರತವನ್ನು ಬೋಧಿಸುವದು ಧರ್ಮಬೋಧೆಯಲ್ಲ, ನಿರ್ದಯೆ. ಅವರಿಂದ ಕಲಿಯಬೇಕಾದ ಪಾಠ ಬೇರೆ: ಯಾವ ಏರ್ಪಾಡಿನಲ್ಲಿಯೂ ದುಡಿಮೆಯ ಉಪಕರಣವು ಸಾಲಗಾರನ ಕೈಯಲ್ಲಿ ಉಳಿಯಬೇಕು. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಇದನ್ನೇ ಹೇಳುವದು. ಕುಶಲಕರ್ಮಿಯ ಹತಾರಗಳು, ಒಕ್ಕಲಿಗನ ನೇಗಿಲು, ಎತ್ತು, ಬೀಜದ ಕಾಳು, ಸಂಸಾರದ ಅಡಿಗೆಯ ಪಾತ್ರೆ, ಉಡುವ ಬಟ್ಟೆ ಇವುಗಳಿಗೆ ಜಪ್ತಿಯಿಲ್ಲ. ದಿವಾಳಿಯ ರಿಸೀವರನೂ ಇವನ್ನು ಮುಟ್ಟಲಾರನು.

ಈಗ ಲೆಕ್ಕಕ್ಕೆ ಬರೋಣ. ಒಬ್ಬ ಅಂಗಡಿಕಾರನಿದ್ದಾನೆಂದು ಭಾವಿಸಿರಿ. ಅವನ ಒಟ್ಟು ಸಾಲ 12,00,000 ರೂಪಾಯಿ, ಯಾವುದಕ್ಕೂ ಅಡವಿಲ್ಲ, ಬಡ್ಡಿ ವರ್ಷಕ್ಕೆ ನೂರಕ್ಕೆ 18. ತಿಂಗಳ ಬಡ್ಡಿಯೇ 18,000 ರೂಪಾಯಿ. ಸಂಸಾರದ ಖರ್ಚು ಕಳೆದು ಅವನಿಗೆ ಮಿಗುವದು 12,000. ಇವನು ಸಾಯುವವರೆಗೆ ದುಡಿದರೂ ಅಸಲಿನ ಒಂದು ಕಾಸೂ ಕರಗದು. ಸಾಲವು ತಿಂಗಳಿಗೆ 6,000 ಬೆಳೆಯುತ್ತಲೇ ಹೋಗುವದು. ಇದನ್ನು ತಿಳಿಯದೆ ಅವನು ಹೆಂಡತಿಯ ಬಂಗಾರವನ್ನು ಒತ್ತೆಯಿಟ್ಟರೆ ಬಂಗಾರವೂ ಹೋಯಿತು, ಸಾಲವೂ ಉಳಿಯಿತು. ಅದರ ಬದಲು ಅವನು ಲೆಕ್ಕ ಹಾಕಲಿ: ಮೂರು ವರ್ಷಕ್ಕೆ ತಿಂಗಳು 12,000ದಂತೆ 4,32,000, ಬೇಡವಾದ ಸರಕು ಮಾರಿದರೆ 1,50,000, ಕೂಡಿ 5,82,000. ಅಂದರೆ ರೂಪಾಯಿಗೆ ಸುಮಾರು 48 ಪೈಸೆ. ಇವನು ರಾಜಿಗೆ ಯೋಗ್ಯನು. ಸಾಲಿಗರೆಲ್ಲರ ಮುಂದೆ ಒಂದೇ ಯಾದಿಯನ್ನಿಟ್ಟು, ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕೊಡುತ್ತೇನೆಂದು ಹೇಳಿದರೆ, ವರ್ಷಾನುಗಟ್ಟಲೆ ದಾವೆ ನಡೆಸುವದಕ್ಕಿಂತ ಇದು ಲೇಸೆಂದು ಬುದ್ಧಿವಂತ ಸಾಲಿಗನು ಒಪ್ಪುವನು.

ಅದೇ ಮನುಷ್ಯನಿಗೆ ತಿಂಗಳಿಗೆ ಮಿಗುವದು 3,000 ಮಾತ್ರ, ಮಾರುವ ಸರಕೂ ಇಲ್ಲವೆನ್ನಿ. ಮೂರು ವರ್ಷಕ್ಕೆ 1,08,000. ರೂಪಾಯಿಗೆ 9 ಪೈಸೆ. ಇಂಥವನು ನಾಚಿಕೆಗಂಜಿ ಅರ್ಧಕ್ಕೆ ರಾಜಿ ಒಪ್ಪಿಕೊಂಡರೆ ಆರು ತಿಂಗಳಲ್ಲಿ ಕಂತು ತಪ್ಪಿ, ಕೊಟ್ಟ ಹಣವೂ ಹೋಗಿ, ಸಾಲವು ಮೊದಲಿದ್ದಲ್ಲಿಗೇ ಬರುವದು. ಇವನು ಲೆಕ್ಕದ ಪುಸ್ತಕಗಳನ್ನು ಹಿಡಿದು, ಒಬ್ಬ ಒಳ್ಳೆಯ ವಕೀಲರನ್ನು ಕಂಡು, ನ್ಯಾಯಾಲಯದ ಬಾಗಿಲಿಗೆ ಹೋಗುವದೇ ಪ್ರಾಮಾಣಿಕತೆ. ನಡೆಸಲಾರದ ಮಾತನ್ನು ಕೊಡುವದಕ್ಕಿಂತ ಕೊಡಲಾರೆನೆಂದು ಬೆಳಕಿನಲ್ಲಿ ಹೇಳುವದು ಮೇಲು.

ಸಂಬಳದ ಮೇಲೆ ಬದುಕುವ ಉಪಾಧ್ಯಾಯ ಬಂಧುಗಳಿಗೆ ಇನ್ನೊಂದು ಅಳತೆಗೋಲಿದೆ. ಸಾಲದ ಡಿಕ್ರಿಗೆ ಸಂಬಳ ಜಪ್ತಿಯಾದಾಗ ಮೊದಲಿನ 1,000 ರೂಪಾಯಿಗೂ, ಉಳಿದುದರ ಮೂರರಲ್ಲಿ ಎರಡು ಪಾಲಿಗೂ ರಕ್ಷಣೆಯಿದೆ. ಲೆಕ್ಕಕ್ಕೆ ಬರುವ ಸಂಬಳ 40,000 ಇದ್ದರೆ 27,000 ಉಳಿದು 13,000 ಜಪ್ತಿಗೆ ಒಳಪಡುವದು. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹೀಗೆ ಹಿಡಿದ ಮೇಲೆ, ಆ ಡಿಕ್ರಿಗಾಗಿ ಸಂಬಳವನ್ನು ಮತ್ತೆ ಹಿಡಿಯುವಂತಿಲ್ಲ. ನ್ಯಾಯಾಲಯವು ಸಂಬಳದಿಂದ ಹೆಚ್ಚೆಂದರೆ ಎಷ್ಟು ತೆಗೆದೀತೆಂದು ತಿಳಿದವನು ರಾಜಿಯ ಮೇಜಿನ ಮುಂದೆ ನಡುಗುವದಿಲ್ಲ.

ಜಾಮೀನಿನ ಮಾತನ್ನೂ ಹೇಳಬೇಕು. ಶಾಲೆಯ ಕೊಠಡಿಗಳಲ್ಲಿ ಚಹದ ಬಟ್ಟಲಿನೊಡನೆ ಜಾಮೀನಿನ ಕಾಗದವೂ ಕೈಯಿಂದ ಕೈಗೆ ಹೋಗುವದುಂಟು. "ಬರೀ ಒಂದು ಸಹಿ ಮೇಷ್ಟ್ರೇ" ಎಂದು ಮಿತ್ರನು ಹೇಳುತ್ತಾನೆ. 1872ರ ಕರಾರು ಕಾಯದೆಯಂತೆ ಜಾಮೀನುದಾರನ ಹೊಣೆಯು, ಬೇರೆ ಕರಾರಿಲ್ಲದಿದ್ದರೆ, ಸಾಲಗಾರನ ಹೊಣೆಯಷ್ಟೇ. ಇಲ್ಲಿ ನಮ್ಮ ಎರಡು ದಾರಿಗಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ದಿವಾಳಿಯಿಂದ ಸಾಲಗಾರನು ಬಿಡುಗಡೆಯಾದರೂ ಜಾಮೀನುದಾರನು ಬಿಡುಗಡೆಯಾಗನು. ಆದರೆ ಸಾಲಿಗನು ಜಾಮೀನುದಾರನ ಒಪ್ಪಿಗೆಯಿಲ್ಲದೆ ಸಾಲಗಾರನೊಡನೆ ರಾಜಿ ಮಾಡಿಕೊಂಡರೆ, ಅದೇ ಕಾಯದೆಯ 135ನೆಯ ಕಲಮಿನಂತೆ ಜಾಮೀನು ಬಿದ್ದುಹೋಗುವದು. ಬ್ಯಾಂಕಿನ ಅಚ್ಚಾದ ಜಾಮೀನು ಪತ್ರಗಳಲ್ಲಿ ಈ ಹಕ್ಕನ್ನು ಮೊದಲೇ ಬಿಟ್ಟುಕೊಟ್ಟಂತೆ ಬರೆದಿರುವದು ಸಾಮಾನ್ಯ. ಆದುದರಿಂದ ಓದದೆ ಸಹಿ ಮಾಡಬಾರದು. ನಿಮಗಾಗಿ ಒಬ್ಬ ಬಡ ಸಹೋದ್ಯೋಗಿ ಜಾಮೀನು ನಿಂತಿದ್ದರೆ, ದಿವಾಳಿಯ ಅರ್ಜಿಗೆ ಸಹಿ ಹಾಕುವ ಮುನ್ನ ಅವನನ್ನು ಕರೆದು ಕೂಡಿಸಿಕೊಂಡು ಮಾತನಾಡುವದು ನಿಮ್ಮ ಧರ್ಮ.

ಕೊನೆಯದಾಗಿ, ಭಯಗಳ ವಿಚಾರ. "ಜೈಲಿಗೆ ಹಾಕಿಸುತ್ತೇನೆ" ಎಂಬದು ವಸೂಲಿಗಾರರ ಹಳೆಯ ಬೆದರಿಕೆ. ದುಡಿದು ತೀರಿಸಲಾಗದ ಬಡತನವೇ ಸೆರೆಗೆ ಕಾರಣವಾಗಬಾರದು, ಶಕ್ತಿಯಿದ್ದೂ ಕೊಡದ ದುರ್ಬುದ್ಧಿ ಇರಬೇಕೆಂದು 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಜಾಲಿ ಜಾರ್ಜ್ ವರ್ಗೀಸರ ಮೊಕದ್ದಮೆಯಲ್ಲಿ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರರ ಲೇಖನಿಯಿಂದ ಸ್ಪಷ್ಟಪಡಿಸಿತು. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಚೆಕ್ಕು ಮರಳಿದ ಪ್ರಕರಣ ಮಾತ್ರ ಬೇರೆ. ಅದು ಅಪರಾಧವಾದುದರಿಂದ ಅದರ ಸಮನ್ಸನ್ನು ಅಲಕ್ಷಿಸಬಾರದು. ವಸೂಲಿಯ ಏಜೆಂಟರು ಬೆಳಗಿನ 8 ಗಂಟೆಗೆ ಮುಂಚೆ, ಸಂಜೆಯ 7 ಗಂಟೆಯ ನಂತರ ಫೋನು ಮಾಡಿ ಪೀಡಿಸಬಾರದೆಂದು ರಿಜರ್ವ್ ಬ್ಯಾಂಕು 2022ರಲ್ಲಿ ವಿಧಿಸಿತು. ಕಿರುಸಾಲಗಳ ಬಲಾತ್ಕಾರದ ವಸೂಲಿಯನ್ನು ತಡೆಯಲು ಕರ್ನಾಟಕ ಸರಕಾರವು 2025ರಲ್ಲಿ ಪ್ರತ್ಯೇಕ ಕಾಯದೆಯನ್ನೇ ತಂದಿತು.

"ನನ್ನ ಸಾಲ ಮಕ್ಕಳ ತಲೆಗೆ ಬಂದೀತು" ಎಂಬದು ಇನ್ನೊಂದು ಭಯ. ತಂದೆಯ ಋಣವನ್ನು ಮಗನು ತೀರಿಸಲೇಬೇಕೆಂಬ ಹಳೆಯ ಧಾರ್ಮಿಕ ಹೊಣೆಯನ್ನು ಆಧಾರ ಮಾಡಿ ಮಗನ ಮೇಲೆ ಕ್ರಮ ಕೈಕೊಳ್ಳುವ ಹಕ್ಕನ್ನು ಹಿಂದೂ ಉತ್ತರಾಧಿಕಾರ ಕಾಯದೆಯ 2005ರ ತಿದ್ದುಪಡಿಯು ಆಮೇಲಿನ ಸಾಲಗಳ ಮಟ್ಟಿಗೆ ತೆಗೆದುಹಾಕಿತು. ತಂದೆಯಿಂದ ಬಂದ ಆಸ್ತಿಯ ಮಟ್ಟಿಗೆ ಮಗನು ಹೊಣೆ. ತನ್ನ ಬೆವರಿನ ಗಳಿಕೆಗೆ ಅಲ್ಲ. ಸತ್ತರೆ ಮಕ್ಕಳು ಹಗುರಾದಾರೆಂದು ಕತ್ತಲೆಯಲ್ಲಿ ಯೋಚಿಸುವ ತಂದೆಗೆ ಯಾರಾದರೂ ಹೇಳಬೇಕು: ಮಕ್ಕಳು ಈಗಲೇ ಹಗುರಾಗಿದ್ದಾರೆ, ಅವರಿಗೆ ಭಾರವಾಗುವದು ನಿನ್ನ ಸಾಲವಲ್ಲ, ನಿನ್ನ ಅಗಲಿಕೆ.

ಆದುದರಿಂದ, ಮಹನೀಯರೇ, ಸಾಲದಲ್ಲಿ ಮುಳುಗುತ್ತಿರುವವನು ಈ ರಾತ್ರಿಯೇ ಮಾಡಬೇಕಾದ ಕೆಲಸ ಒಂದಿದೆ. ಮನೆಯವರನ್ನು ಹತ್ತಿರ ಕೂಡಿಸಿಕೊಂಡು ಒಂದು ಕಾಗದದ ಮೇಲೆ ಮೂರು ಕಲಮುಗಳನ್ನು ಗೆರೆಯೆಳೆಯಲಿ. ಯಾರಿಗೆ ಎಷ್ಟು ಕೊಡಬೇಕು, ಅಡವೇನು, ಜಾಮೀನು ಯಾರು ಎಂಬದು ಒಂದರಲ್ಲಿ. ಇರುವ ಆಸ್ತಿಯೇನು, ಅದರಲ್ಲಿ ದುಡಿಮೆಗೆ ಬೇಕಾದುದೆಷ್ಟು ಎಂಬದು ಎರಡನೆಯದರಲ್ಲಿ. ಖರ್ಚು ಕಳೆದು ತಿಂಗಳಿಗೆ ಮಿಗುವದೆಷ್ಟು ಎಂಬದು ಮೂರನೆಯದರಲ್ಲಿ. ಮೂರನೆಯ ಕಲಮಿನಿಂದ ಸಾಲಿಗರಿಗೆ ಒಪ್ಪಿಗೆಯಾಗುವಷ್ಟು ಪಾಲು ಮೂರು ವರ್ಷಗಳಲ್ಲಿ ಹುಟ್ಟುವಂತಿದ್ದರೆ ರಾಜಿಗೆ ಹೋಗಲಿ. ಹುಟ್ಟದಿದ್ದರೆ ತಾಲೂಕಿನ ಕಾನೂನು ಸೇವಾ ಸಮಿತಿಯನ್ನಾಗಲಿ ವಕೀಲರನ್ನಾಗಲಿ ಕಂಡು ದಿವಾಳಿಯ ವಿಚಾರವನ್ನು ಕೇಳಲಿ. ಯಾವ ದಾರಿ ಹಿಡಿದರೂ ಬೇಗ ಹಿಡಿಯಲಿ, ಬೆಳಕಿನಲ್ಲಿ ಹಿಡಿಯಲಿ, ಹೊಸ ಸಾಲವಿಲ್ಲದೆ ಹಿಡಿಯಲಿ.

ನಮ್ಮಂಥ ನೆರೆಹೊರೆಯವರ ಕರ್ತವ್ಯವೂ ಒಂದುಂಟು. ದಿವಾಳಿಯಾದವನ ಬೆನ್ನ ಹಿಂದೆ ನಗುವ ಊರು, ಮುಂದಿನ ಸಾಲಗಾರನ ಬಾಯನ್ನು ಹೊಲಿಯುತ್ತದೆ. ಲೆಕ್ಕವನ್ನು ಒಪ್ಪಿಸಿ, ಇದ್ದುದನ್ನು ಕೊಟ್ಟು, ಮತ್ತೆ ಅಂಗಡಿಯ ಬಾಗಿಲು ತೆರೆದವನ ಬಳಿಗೆ ಹೋಗಿ ನಗದು ಕೊಟ್ಟು ನಾಲ್ಕು ಸಾಮಾನು ಕೊಳ್ಳಿರಿ. ಅವನ ಕೈಗೆ ಬಲ ಬರುವದು ಹಾಗೆಯೇ.